ಎಡಗೆನ್ನೆಯ ಪರವಾಗಿ ಒಂದು ಅಹವಾಲು

ಆಸ್ಪತ್ರೆಯ ಸಮಸ್ತ ಸಿಬ್ಬಂದಿ ವರ್ಗಕ್ಕೆ, ಹೊರರೋಗಿ ವಿಭಾಗದ ಬೆಂಚಿನಿಂದ ನಮಸ್ಕಾರಗಳು.

ಉಭಯ ಕುಶಲೋಪರಿ ಎಂದು ಬರೆಯುವುದು ವಾಡಿಕೆ. ನನ್ನ ಮುಖದಲ್ಲಿ ಸದ್ಯಕ್ಕೆ ಬಲಭಾಗ ಮಾತ್ರ ಕುಶಲ. ಎಡಭಾಗ ಹೇಳದೆ ಕೇಳದೆ ರಜೆ ಹಾಕಿದೆ. ನಿಮ್ಮ ಚೀಟಿಯಲ್ಲಿ ಇದರ ಹೆಸರು ಬೆಲ್ಸ್ ಪಾಲ್ಸಿ. ಮುಖವನ್ನು ಆಡಿಸುವ ಏಳನೇ ನರದ ತಂಟೆ. ಆ ನರದ ಬಗ್ಗೆ ಸ್ಕಾಟ್ಲೆಂಡಿನ ಚಾರ್ಲ್ಸ್ ಬೆಲ್ ಎಂಬವರು 1821ರಲ್ಲೇ ಬರೆದಿದ್ದರು. ಎರಡು ಶತಮಾನವಾದರೂ ಸುದ್ದಿ ನಿಮ್ಮ ಕೌಂಟರಿಗೆ ತಲುಪಿಲ್ಲ. ಅಂಚೆ ಇಲಾಖೆಯದೇ ತಪ್ಪಿರಬೇಕು.

ಕೌಂಟರಿನಲ್ಲಿ ಹೆಸರು ಕೇಳಿದಿರಿ. ನನ್ನ ಹೆಸರಿನಲ್ಲಿ ಪ, ಬ, ಮ ಮೂರೂ ಇವೆ, ತುಟಿ ಕೂಡದೆ ಹುಟ್ಟದ ಅಕ್ಷರಗಳು. "ಬೆಳಿಗ್ಗೆ ಬೆಳಿಗ್ಗೇನೇ ಹಾಕ್ಕೊಂಡು ಬಂದಿದಾರೆ" ಎಂದು ಪಕ್ಕದವರಿಗೆ ಪಿಸುಗುಟ್ಟಿದಿರಿ. ಚೆನ್ನಾಗಿಯೇ ಕೇಳಿಸಿತು. ಕಿವಿಯೊಳಗೆ ಸದ್ದನ್ನು ತಗ್ಗಿಸುವ ಪುಟ್ಟ ಸ್ನಾಯುವೊಂದಿದೆ. ಈ ಕಾಯಿಲೆಯಲ್ಲಿ ಅದೂ ಸೋತರೆ ಸಣ್ಣ ಸದ್ದೂ ತಮಟೆಯಾಗುತ್ತದೆ. ಹಾಗಿರುವಾಗ ನಾನು ಕಿವುಡನೆಂದು ತೀರ್ಮಾನಿಸಿದ ವಾರ್ಡ್ ಬಾಯ್ ಎಡಗಿವಿಗೇ ಬಾಯಿಟ್ಟು "ಅಜ್ಜಾ, ತಿಂಡಿ ಆಯ್ತಾ?" ಎಂದು ಕೂಗಿದ. ಉತ್ತರವನ್ನು ಮಾತ್ರ ನನ್ನ ಹೆಂಡತಿಯಿಂದ ಪಡೆದ.

ಸಿಸ್ಟರ್, ನಿಮಗೊಂದು ಸ್ಪಷ್ಟೀಕರಣ. ನಾನು ಕಣ್ಣು ಹೊಡೆಯಲಿಲ್ಲ. ರೆಪ್ಪೆ ಬಡಿದೆ, ಅಷ್ಟೆ. ಎಡಗಣ್ಣು ಮುಚ್ಚುವುದಿಲ್ಲ, ಬಲದ್ದು ಒಂಟಿಯಾಗಿ ನಿಮಿಷಕ್ಕೆ ಹತ್ತಾರು ಸಲ ಬಡಿಯುತ್ತದೆ. ಹೆಂಡತಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು ನಿಮಿಷಕ್ಕೆ ಹತ್ತಾರು ಸಲ ಕಣ್ಣು ಹೊಡೆಯುವಷ್ಟು ಧೈರ್ಯ ನನಗೆ ಪ್ರಾಯದಲ್ಲೂ ಇರಲಿಲ್ಲ. ನೀವು ಆಮೇಲೆ ಕಳಿಸಿದ ಬ್ರದರ್ ಒಳ್ಳೆಯವರೇ. ಇಂಜೆಕ್ಷನ್ ಕೊಡುವಾಗ ಮಾತ್ರ ಕೈ ಸ್ವಲ್ಪ ಜೋರಾಗಿತ್ತು.

ಡಾಕ್ಟರು ವಿದ್ಯಾರ್ಥಿಗಳ ದಂಡಿನೊಂದಿಗೆ ಬಂದರು. ಹುಬ್ಬೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ. ತಕರಾರಿಲ್ಲ. ಬಾಯಿ ಸೊಟ್ಟಗಾದಾಗ ಹಣೆಯಲ್ಲಿ ಗೆರೆ ಮೂಡುತ್ತದೋ ಇಲ್ಲವೋ ಎಂಬುದರಿಂದಲೇ ಮಿದುಳಿನ ಲಕ್ವ ಯಾವುದು, ಇದು ಯಾವುದು ಎಂಬ ಸುಳಿವು ಸಿಗುವುದು. 72 ಗಂಟೆಯೊಳಗೆ ಸ್ಟೀರಾಯ್ಡ್ ಶುರು ಮಾಡಿದ ಆ ಡಾಕ್ಟರಿಗೆ ನಾನು ಋಣಿ. ಆದರೆ ಕೊನೆಗೆ "ಎಲ್ಲಿ, ಒಂದು ಸಿಳ್ಳೆ ಹೊಡೀರಿ" ಎಂದರು. ಸರ್ವೀಸಿನುದ್ದಕ್ಕೂ ಸಿಳ್ಳೆ ಹೊಡೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ ಗಣಿತ ಮೇಷ್ಟ್ರು ನಾನು. ಪ್ರಯತ್ನಪಟ್ಟೆ. ಎಡದಿಂದ ಬರೀ ಗಾಳಿ ಬಂತು, ಅದರ ಹಿಂದೆ ಎಂಜಲು. "ಕ್ಲಾಸಿಕ್ ಕೇಸ್!" ಎಂದರು ಡಾಕ್ಟರು. ಹಿಂದಿನ ಸಾಲಿನ ಹುಡುಗನೊಬ್ಬ ನಕ್ಕ. ಹಿಂದಿನ ಸಾಲೇ ಏಕೆಂದು ಕೇಳಬೇಡಿ, ಅನುಭವದಿಂದ ಬಲ್ಲೆ.

ನೋವೆಷ್ಟು ಎಂದು ತೋರಿಸಲು ಗೋಡೆಯ ಮೇಲೆ ಆರು ಮುಖಗಳ ಪಟ್ಟಿ ಇದೆ. ಕಿವಿಯ ಹಿಂದೆ ಸಿಡಿಯುತ್ತಿದ್ದ ನೋವಿಗೆ ತಕ್ಕ ಮುಖ ಹುಡುಕುತ್ತಿದ್ದೆ. ಅಷ್ಟರಲ್ಲಿ ನೀವೇ ನನ್ನ ಮುಖ ನೋಡಿ ನಡುವಿನ ಸಪ್ಪೆ ಮುಖಕ್ಕೆ ಗುರುತು ಹಾಕಿ ಫೈಲು ಮುಚ್ಚಿದಿರಿ.

"ಪಾಸಿಟಿವ್ ಆಗಿರಿ, ನಗ್ತಾ ಇರಿ ಸಾರ್" ಎಂದು ಎಲ್ಲರೂ ಹೇಳಿದಿರಿ. ಮುಚ್ಚದ ಕಣ್ಣು ಒಣಗಿ ಕಾರ್ನಿಯಾಕ್ಕೆ ಗಾಯವಾದೀತು, ಹಗಲು ಡ್ರಾಪ್ಸ್ ಹಾಕಿ, ರಾತ್ರಿ ಮುಲಾಮು ಸವರಿ ಟೇಪು ಅಂಟಿಸಿ ಮಲಗಿ ಎಂದು ಹೇಳಿದ್ದು ಮಾತ್ರ ಔಷಧಿ ಅಂಗಡಿಯ ಹುಡುಗ.

ಬೆಲ್ಸ್ ಪಾಲ್ಸಿ ಬಂದ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಮುಖ ಮರಳುತ್ತದೆ. ಹುಟ್ಟಿನಿಂದಲೇ ಮೋಬಿಯಸ್ ಸಿಂಡ್ರೋಮ್ ಇರುವವರಿಗೆ, ಗೆಡ್ಡೆ ತೆಗೆಸುವಾಗ ನರವನ್ನೇ ಕಳೆದುಕೊಂಡವರಿಗೆ ಆ ಭರವಸೆಯಿಲ್ಲ. ಅವರೂ ಇದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ನೋವನ್ನೂ ಸಿಟ್ಟನ್ನೂ ಮುಖ ನೋಡಿ ಬರೆದುಕೊಳ್ಳಬೇಡಿ. ಅವರನ್ನೇ ಕೇಳಿ, ಅವರು ಹೇಳಿ ಮುಗಿಸುವವರೆಗೆ ಕಾಯಿರಿ.

ಇಂತಿ ತಮ್ಮ ವಿಧೇಯ,
ನಿವೃತ್ತ ಗಣಿತ ಮೇಷ್ಟ್ರು