ಜರಾಯು-ಚೀಲ ಮೀಮಾಂಸೆ

ಜೀವಕೋಟಿಯನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜಗಳೆಂದು ನಾಲ್ಕಾಗಿ ವಿಂಗಡಿಸಿ ನಿಶ್ಚಿಂತರಾದ ನಮ್ಮ ಪೂರ್ವಾಚಾರ್ಯರು ಕಾಂಗರೂವನ್ನು ಕಾಣಲಿಲ್ಲವಾದುದರಿಂದ, ಹೆತ್ತ ಮೇಲೂ ಹೊಟ್ಟೆಯ ಚೀಲದಲ್ಲಿ ಹೊರುವ ಆ ಕುಲಕ್ಕೆ ಸ್ಥಾನ ನಿರ್ಣಯಿಸುವ ಭಾರವು ಕುಂದಗೋಳ ತಾಲೂಕಿನ ಗುಡಗೇರಿಯ ಮೇಲೆ ಬಿದ್ದಿದೆ. ಈ ಊರಿಗೆ ಆ ಅಧಿಕಾರವೆಲ್ಲಿಯದೆಂದು ಆಕ್ಷೇಪಿಸುವವರು, ಎಮ್ಮೆ ಈದ ಮನೆಯ ಯಜಮಾನನು ಮಾಸು ಬೀಳುವವರೆಗೆ ನಿದ್ದೆಗೆಟ್ಟು ಕುಳಿತು, ಬಿದ್ದೊಡನೆ ಅದನ್ನು ನಾಯಿಯ ಬಾಯಿಗೆ ಸಿಗದಂತೆ ಹುಲ್ಲಿನಲ್ಲಿ ಸುತ್ತಿ, ಹಗ್ಗ ಬಿಗಿದು, ಹೈನು ಹೆಚ್ಚಲೆಂದು ಹಾಲು ಸುರಿಸುವ ಆಲದ ಕೊಂಬೆಗೇ ತೂಗಹಾಕುವುದನ್ನು ನೋಡಿದವರಲ್ಲ. ಜರಾಯುವನ್ನು ಗಾಜಿನ ಭರಣಿಯಲ್ಲಿಟ್ಟು ಅಭ್ಯಸಿಸಿದವರಿಗಿಂತ, ಅದರ ಕೆಳಗೆ ಮೂಗು ಮುಚ್ಚಿಕೊಂಡು ಹಾದುಹೋಗುವವರ ಜ್ಞಾನವು ಗಾಢವಾದುದೆಂಬುದು ನಮ್ಮ ಪ್ರಥಮ ಸಿದ್ಧಾಂತ.

ಎಮ್ಮೆಯು ಸುಮಾರು 310 ದಿನ ಆ ಜರಾಯುವಿನ ಮೂಲಕವೇ ಕರುವಿಗೆ ಅನ್ನವಿತ್ತು, ಈದ ದಿನವೇ ನಾಲ್ಕು ಕಾಲ ಮೇಲೆ ನಿಲ್ಲಬಲ್ಲ ಜೀವವನ್ನು ನಮಗೊಪ್ಪಿಸುತ್ತದೆ. ಆಸ್ಟ್ರೇಲಿಯದ ಕೆಂಪು ಕಾಂಗರೂವಾದರೋ 33 ದಿನಕ್ಕೇ, ಒಂದು ಗ್ರಾಮೂ ತೂಗದ, ಕಣ್ಣು ತೆರೆಯದ, ಹಿಂಗಾಲು ಮೂಡಿಯೂ ಮೂಡದ ಮರಿಯನ್ನು ಹೆರುತ್ತದೆ. ತಾಯಿಯೇ ಅದನ್ನು ತುಟಿಯಿಂದೆತ್ತಿ ಚೀಲಕ್ಕೆ ಸೇರಿಸುವುದೆಂದು ಪಂಡಿತರು ಬಹುಕಾಲ ನಂಬಿದ್ದರು. ವಾಸ್ತವವಾಗಿ ಅದು ಮುಂಗಾಲುಗಳಿಂದ ತಾಯಿಯ ರೋಮವನ್ನು ಹಿಡಿಹಿಡಿದು ತಾನೇ ಏರಿ, ಮೊಲೆತೊಟ್ಟನ್ನು ಕಚ್ಚಿ, ಸುಮಾರು 235 ದಿನ ಚೀಲವಾಸ ಮಾಡುತ್ತದೆ. ಇವಕ್ಕೆ ಜರಾಯುವೇ ಇಲ್ಲವೆಂಬುದು ಅರ್ಧಸತ್ಯ. ಇದೆ, ಆದರೆ ಅಲ್ಪಾಯು. ಆಲದ ಮರಕ್ಕೆ ಕಟ್ಟುವಷ್ಟಿಲ್ಲ.

ಚೀಲದೊಳಗಿನ ಎಳೆಯದಕ್ಕೆ ತಿಳಿಹಾಲನ್ನೂ, ಹೊರಗೆ ಕುಣಿದು ಬಂದು ಮುಖವನ್ನಷ್ಟೇ ಒಳಗಿಕ್ಕುವ ಹಿರಿಮರಿಗೆ ಕೊಬ್ಬಿನ ಹಾಲನ್ನೂ ಬೇರೆ ಬೇರೆ ತೊಟ್ಟುಗಳಿಂದ ಏಕಕಾಲಕ್ಕೆ ಕೊಡುವ ತಾಯಿ ಕಾಂಗರೂವಿನ ವಿದ್ಯೆಯನ್ನು ಪಾಶ್ಚಾತ್ಯರು ಕೊಂಡಾಡುತ್ತಾರೆ. ನಮ್ಮಲ್ಲಿಯೂ ಒಂದೇ ಎಮ್ಮೆಯಿಂದ ಗಟ್ಟಿ, ತೆಳು ಎರಡೂ ಹಾಲು ದೊರೆಯುವುದುಂಟು. ಆ ವಿದ್ಯೆ ಎಮ್ಮೆಯದಲ್ಲವೆಂಬುದಷ್ಟೇ ಭೇದ.

ನಮಗೆ ಭೀತಿಯನ್ನುಂಟುಮಾಡುವುದು ಮತ್ತೊಂದು. ಚೀಲದ ಮರಿ ಹಾಲು ಕುಡಿಯುತ್ತಿರುವವರೆಗೆ ಕಾಂಗರೂವಿನ ಮುಂದಿನ ಭ್ರೂಣವು ನೂರರ ಆಸುಪಾಸಿನ ಕೋಶಗಳ ಮುದ್ದೆಯಾಗಿ, ಬೆಳವಣಿಗೆ ನಿಲ್ಲಿಸಿ, ಗರ್ಭದಲ್ಲೇ ಕಾಯುತ್ತಿದ್ದು, ಬರದಲ್ಲಿ ಆ ಮರಿ ಸತ್ತರೆ ಗಂಡಿನ ಹಂಗಿಲ್ಲದೆಯೇ ಬೆಳೆಯತೊಡಗುತ್ತದೆ. ಮಳೆಯನ್ನೇ ನಂಬಿದ ಎರೆಹೊಲದ ರೈತನಿಗೆ ಇದು ಆದರ್ಶವಾಗಿ ತೋರೀತು. ಆದರೆ ಗಬ್ಬದ ಎಮ್ಮೆಗೆ ಬೆಲೆ ಹೆಚ್ಚೆಂಬುದನ್ನು ಬಲ್ಲ ಸಂತೆಯ ದಲಾಲಿಯು, ಈ ತತ್ತ್ವವನ್ನು ನಮ್ಮ ಬಾಯಿಂದ ಕೇಳಿದ ಮರುವಾರವೇ ಗೊಡ್ಡೆಮ್ಮೆಯೊಂದರ ಬೆನ್ನು ಚಪ್ಪರಿಸುತ್ತ, "ಗಬ್ಬ ಐತ್ರಿ ಗೌಡ್ರ, ಸದ್ಯಕ್ಕ ನಿಂದ್ರಿಸಿಕೊಂಡೈತಿ ಅಷ್ಟ" ಎಂದು ವ್ಯಾಪಾರಕ್ಕಿಳಿದನು.