ಹೂಂ ಅಂದವನ ಪಾಡು

ನನ್ನ ಬಾಯಿಗೆ ಮೊದಲು ಬರುವ ಮಾತು 'ಇಲ್ಲ'. ಅದರ ಬೆನ್ನಿಗೇ 'ಆಗಲ್ಲ'. ಕಾಫಿಗೆ ಕರೆದರೆ ಬೇಡ ಬೇಡ ಎನ್ನುತ್ತಲೇ ಲೋಟ ಖಾಲಿ ಮಾಡಿ ಏಳುವವನು. "ತಾಳಿ ಕಟ್ಟೋವಾಗ್ಲೂ ಭಾವ ಆಗಲ್ಲ ಅಂದಿದ್ರಾ ಅಕ್ಕ?" ಎಂದು ನಾದಿನಿ ಕೇಳಿದ ಮೇಲೆ ಚಾಳಿ ಬಿಡಲೇಬೇಕೆನಿಸಿ ಓದಲು ಕೂತೆ.

ಎಡವಟ್ಟಾದದ್ದು ಅಲ್ಲೇ. ಕೆಟ್ಟ ಯೋಚನೆ ಕಾಡಿದರೆ ಅದರ ಪ್ರತಿಪಕ್ಷವನ್ನು ಭಾವಿಸು ಎನ್ನುತ್ತದೆ ಪತಂಜಲಿ ಯೋಗಸೂತ್ರದ ಎರಡನೆಯ ಪಾದದ 33ನೆಯ ಸೂತ್ರ. ಡೊಂಕು ಮರವನ್ನು ನೆಟ್ಟಗಾಗಿಸಲು ಎದುರು ದಿಕ್ಕಿಗೆ ಬಗ್ಗಿಸುವ ಹಾಗೆ ನಮ್ಮನ್ನು ನಾವೇ ಎಳೆದುಕೊಳ್ಳಬೇಕು ಎಂದ ಅರಿಸ್ಟಾಟಲ್. ಉಗುರು ಕಚ್ಚುವವರು ಕೈ ಬಾಯಿಗೆ ಹೊರಟಾಗ ಮುಷ್ಟಿ ಬಿಗಿಯಬೇಕು ಎಂಬಂಥ ಚಿಕಿತ್ಸೆಯನ್ನು ಅಮೆರಿಕದ ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದರು. ಇಷ್ಟು ದೊಡ್ಡವರು ಹೇಳಿದ ಮೇಲೆ ನನ್ನದೇನು? ಇನ್ನು ಯಾರು ಏನು ಕೇಳಿದರೂ 'ಹೂಂ'.

ಮೊದಲ ಸುದ್ದಿ ಹೆಂಡತಿಗೆ ಮುಟ್ಟಿತು. ರೇಷ್ಮೆ ನೇಯುವ ಊರಲ್ಲಿ ಸಂಸಾರ ಮಾಡುವ ಗಂಡಸಿನ ಸಂಬಳ ಉಳಿಯುವುದೇ 'ಇಲ್ಲ' ಎಂಬ ಮಾತಿನಿಂದ. ಆ ಸಂಜೆ ಅದೂ ಇಲ್ಲವಾಯಿತು.

ನಿಜವಾದ ಪಾಡು ಶುರುವಾದದ್ದು ಮೈಸೂರಿನಿಂದ ಬರುವ ಬಸ್ಸಿನಲ್ಲಿ. ಟಿ. ನರಸೀಪುರ ದಾಟಿದ ಮೇಲೆ ಪಕ್ಕದವರು ಯಾವೂರು ಎಂದರು. ಕೊಳ್ಳೇಗಾಲ ಎಂದೆ. ತಟಕ್ಕನೆ ಸೀಟಿನ ಅಂಚಿಗೆ ಸರಿದರು. ನಮಗಿದು ಹೊಸದಲ್ಲ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆ, ಆಮೇಲೆ ಮೈಸೂರು, 1997ರಿಂದ ಚಾಮರಾಜನಗರ. ಜಿಲ್ಲೆ ಬದಲಾದರೂ ಮಾಟದ ಊರೆಂಬ ಹೆಸರು ಮಾತ್ರ ಬಿಡಲಿಲ್ಲ.

"ನಿಮ್ಗೂ ಬತ್ತದಾ ಸಾ, ಮಾಟ?"

ಬೇರೆ ದಿನವಾಗಿದ್ದರೆ ಜಗಳಕ್ಕೇ ಬೀಳುತ್ತಿದ್ದೆ. "ಹೂಂ" ಎಂದೆ.

"ತೆಗ್ಯಾಕೂ ಬತ್ತದಾ?"

"ಹೂಂ."

"ನಮ್ ದಾಯಾದಿ ಒಬ್ಬ ಬದ ಒತ್ಕಂಡವ್ನೆ. ಅವನ ಬಾಯಿ ಕಟ್ಟಾಕಾದದಾ?"

"ಹೂಂ." ನನ್ನ ಬಾಯಿ ಕಟ್ಟುವವರು ಮಾತ್ರ ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಚೀಲದ ತುಂಬ ನಿಂಬೆಹಣ್ಣು, ಒಂದು ಬೂದುಗುಂಬಳ, ದಾಯಾದಿಯ ಫೋಟೊ ಹಿಡಿದು ಅವರೇ ನಿಂತಿದ್ದಾರೆ. ಹಿಂದೆ ಅವರೂರಿನ ಮತ್ತಷ್ಟು ಜನ, ಮತ್ತಷ್ಟು ಫೋಟೊ. ಕೈಮುಗಿದು ಸಾಗಹಾಕುವಷ್ಟರಲ್ಲಿ ಬಿಸಿಲೇರಿತ್ತು. ಫೋಟೊ ಒಯ್ದರು, ಚೀಲ ಬಿಟ್ಟರು. ನಮ್ಮವಳು ನಿಂಬೆಹಣ್ಣಿನಲ್ಲಿ ಚಿತ್ರಾನ್ನ ಕಲಸಿ, ಕುಂಬಳದಲ್ಲಿ ಮಜ್ಜಿಗೆಹುಳಿ ಮಾಡಿದಳು. ದಾಯಾದಿಯ ಬಾಯಿ ಕಟ್ಟಿತೋ ಕಾಣೆ, ನಮ್ಮ ಬಾಯಿಗಂತೂ ರುಚಿಯಾಗಿತ್ತು.

ಅಷ್ಟಕ್ಕೆ ಬುದ್ಧಿ ಬರಬೇಕಿತ್ತು. ಹನೂರಿನ ಬಾಮೈದ "ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡೇ ಹೋಗಣ್ವಾ ಭಾವ?" ಎಂದ. ಹೂಂ! ತಾಳುಬೆಟ್ಟ ಸೇರಿ ಮೆಟ್ಟಿಲು ಹತ್ತುವುದು ಆಮೇಲಿನ ಮಾತು, ಕೌದಳ್ಳಿಗೇ ನನ್ನ ಅಂಗಾಲೆಲ್ಲ ಬೊಬ್ಬೆ. ಎಪ್ಪತ್ತೇಳು ಮಲೆಯ ಒಡೆಯನಿಗೆ ಜನ "ಉಘೇ ಮಾದಪ್ಪ" ಎನ್ನುತ್ತ ನಡೆದರೆ, ನಾನು "ಅಯ್ಯೋ ಮಾದಪ್ಪ" ಎನ್ನುತ್ತ ಬಸ್ಸು ಹತ್ತಿದೆ.

ಯಳಂದೂರಿನ ಗೆಳೆಯನೊಬ್ಬ ಸಾಲಕ್ಕೆ ಜಾಮೀನು ಕೇಳಿದಾಗ 'ಹೂಂ' ಎಂದದ್ದನ್ನು ವಿವರಿಸಲಾರೆ. ಹೆಂಡತಿ ಹೇಳಿದ್ದಿಷ್ಟು: "ಬಿಳಿಗಿರಿರಂಗನಿಗೆ ಬೂದಿತಿಟ್ಟಿನವರು ಹೊಲಿದು ಒಪ್ಪಿಸೋ ದೊಡ್ಡ ಚಪ್ಪಲಿ ಇದಾವಲ್ಲ, ತಲೆಗೆ ಮುಟ್ಟಿಸ್ಕೊಂಡು ಬನ್ನಿ. ಮೆತ್ತಗೆ ಬೇಡ ಅಂತ ಅರ್ಚಕರಿಗೆ ಹೇಳಿ."

ಪುಸ್ತಕ ಮತ್ತೆ ತೆಗೆದೆ. ಅಜ್ರಿನ್ ಮತ್ತು ನನ್ ಮುಷ್ಟಿ ಬಿಗಿ ಎಂದರೇ ಹೊರತು ಸಿಕ್ಕವರ ಕೈಯೆಲ್ಲ ಹಿಡಿ ಎನ್ನಲಿಲ್ಲ. ಅರಿಸ್ಟಾಟಲ್ ಎದುರು ದಿಕ್ಕಿಗೆ ಬಗ್ಗಿಸಿದ್ದು ಮಧ್ಯಕ್ಕೆ ಬರಲಿ ಎಂದು, ಅಲ್ಲೇ ಡೊಂಕಾಗಿ ನಿಲ್ಲಲಿ ಎಂದಲ್ಲ. ಪೂರ್ತಿ ಓದುವ ತಾಳ್ಮೆ ನನಗಿರಲಿಲ್ಲ, ಅಷ್ಟೆ. ಈಗ ಯಾರು ಏನು ಕೇಳಿದರೂ "ಮನೇಲಿ ಕೇಳಿ ಹೇಳ್ತೀನಿ" ಎನ್ನುತ್ತೇನೆ. ಮನೆಯಲ್ಲಿ 'ಇಲ್ಲ' ಎನ್ನುತ್ತಾಳೆ.

ಓದುಗರಲ್ಲಿ ಒಂದು ವಿನಂತಿ. ಕೊಳ್ಳೇಗಾಲಕ್ಕೆ ಬಂದರೆ ರೇಷ್ಮೆ ಸೀರೆ ಕೊಳ್ಳಿ, ಮಾಟ ತೆಗೆಸಲು ನಮ್ಮ ಮನೆ ಹುಡುಕಬೇಡಿ. ಬಂದೇ ತೀರುತ್ತೇವೆ ಎನ್ನುವವರು ದಯವಿಟ್ಟು ರಸ ಇರುವ ನಿಂಬೆಹಣ್ಣು ತನ್ನಿ.