ಮಧ್ಯಮಗಾತ್ರದ ವೇಗಾಭಾಸಿ ಕುಟುಂಬರಥ: ಇಂದ್ರಕೀಲಾದ್ರಿಯ ನೆಲೆಯಿಂದ ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತಾವನೆ

ಕುಟುಂಬವೆಂಬ ಸಾಮಾಜಿಕ ಘಟಕವು ವೇಗವೆಂಬ ಆಧುನಿಕೋತ್ತರ ಹಂಬಲದೊಂದಿಗೆ ನಡೆಸುವ ಮುಖಾಮುಖಿಯನ್ನು ಕಾರು ಕೊಳ್ಳುವಿಕೆಯ ಸಂಕಥನದಲ್ಲಿ ಗುರುತಿಸಬಹುದಾಗಿದೆ. ಈ ಹಿನ್ನೆಲೆಯಲ್ಲಿ, ‘ಸ್ಪೋರ್ಟಿ’ ಎಂದು ಶೋರೂಮಿನವರು ಕರೆಯುವ ಮಧ್ಯಮಗಾತ್ರದ ಸೆಡಾನನ್ನು ಹೊಸದಾಗಿ ಕೊಳ್ಳಬೇಕೋ ಹಳೆಯದನ್ನು ಕೊಳ್ಳಬೇಕೋ ಎಂಬ ದ್ವಂದ್ವವನ್ನು ಬಹುಮುಖಿ ನೆಲೆಗಳಲ್ಲಿ ಒಡೆದು ನೋಡುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧವಾಗಿರುತ್ತದೆ. ಸದರಿ ವಾಹನವನ್ನು ಇನ್ನು ಮುಂದೆ ‘ಮಧ್ಯಮಗಾತ್ರದ ವೇಗಾಭಾಸಿ ಕುಟುಂಬರಥ’, ಸಂಕ್ಷಿಪ್ತವಾಗಿ ‘ಮವೇಕು’ ಎಂದು ಕರೆಯಲಾಗುವುದು. ಸಂಕ್ಷಿಪ್ತ ರೂಪವಿಲ್ಲದ ಪ್ರಬಂಧವನ್ನು ಮಾರ್ಗದರ್ಶಕರು ಓದುವುದಿಲ್ಲ. ಇದ್ದರೂ ಓದುವುದಿಲ್ಲ.

ಕ್ಷೇತ್ರಕಾರ್ಯಕ್ಕೆ ನೆರವಾದವರು ಬಳ್ಳಾರಿಯಿಂದ ವಿಜಯವಾಡಕ್ಕೆ ವರ್ಗವಾಗಿ ಹೋದ ನನ್ನ ಭಾವ. ಅವರಿಗೆ ಕಾರು ಬೇಕಿತ್ತು, ನನಗೆ ಪ್ರಬಂಧ ಬೇಕಿತ್ತು.

ಅಧ್ಯಾಯ 1: ಪೌರಾಣಿಕ ನೆಲೆ

ವಿಜಯವಾಡದ ಸ್ಥಳಪುರಾಣದಂತೆ ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ್ದು ಕನಕದುರ್ಗೆ ನೆಲೆಸಿರುವ ಇದೇ ಇಂದ್ರಕೀಲಾದ್ರಿಯ ಮೇಲೆ. ಮಹಾಭಾರತ ಆ ಬೆಟ್ಟವನ್ನು ಹಿಮಾಲಯದ ಕಡೆ ಇಡುತ್ತದೆ. ಯಕ್ಷಗಾನದ ‘ಇಂದ್ರಕೀಲಕ’ ಪ್ರಸಂಗ ಅದನ್ನು ರಂಗಸ್ಥಳದ ನಡುವೆ ಒಂದು ಸ್ಟೂಲಿನ ಮೇಲೆ ಇಡುತ್ತದೆ. ಮೂರೂ ಮತಗಳನ್ನು ಗೌರವಿಸುತ್ತ ಈ ಲೇಖಕ ವಿಜಯವಾಡದ ಪರ ನಿಲ್ಲುತ್ತಾನೆ, ಏಕೆಂದರೆ ಪ್ರಯಾಣಭತ್ಯೆ ಅಲ್ಲಿಯವರೆಗೆ ಮಾತ್ರ ಮಂಜೂರಾಗಿತ್ತು. ಮೇಲಾಗಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನ ಹಿರಿಯರು ವೆಂಗಿ ಮಂಡಲದ ವೆಂಗಿಪಳುವಿನವರು. ಆದ್ದರಿಂದ ಈ ಸೀಮೆಯ ವಾಹನ ವಿಚಾರದಲ್ಲಿ ಮಾತಾಡಲು ಕನ್ನಡಿಗರಿಗೆ ಹತ್ತನೆಯ ಶತಮಾನದಿಂದಲೇ ಹಕ್ಕಿದೆ ಎಂದು ವಾದಿಸಬಹುದಾಗಿದೆ. ಯಾರೂ ಕೇಳಿಲ್ಲ, ಆದರೂ ವಾದಿಸಬಹುದಾಗಿದೆ.

ಅರ್ಜುನನ ಬಗ್ಗೆ ವಿದ್ವಾಂಸರು ಇಷ್ಟು ಕಾಲ ಬಾಯಿ ಬಿಡದ ಸಂಗತಿಯೊಂದಿದೆ: ಅವನ ರಥ ಸೆಕೆಂಡ್ ಹ್ಯಾಂಡ್. ಖಾಂಡವ ದಹನಕ್ಕೆ ಮುನ್ನ ಅಗ್ನಿ ಕೇಳಿದ್ದಕ್ಕೆ ವರುಣ ತಂದುಕೊಟ್ಟ ರಥವದು. ಕಟ್ಟಿದವನು ವಿಶ್ವಕರ್ಮ. ಸೋಮ ಅದನ್ನೇರಿ ಅದಾಗಲೇ ದಾನವರನ್ನು ಗೆದ್ದಿದ್ದನೆಂದು ಆದಿಪರ್ವವೇ ಹೇಳುತ್ತದೆ. ಎಷ್ಟು ಓಡಿದೆ, ಎಲ್ಲಾದರೂ ಗುದ್ದಿದೆಯಾ ಎಂದು ಅರ್ಜುನ ವಿಚಾರಿಸಿದ ದಾಖಲೆಯಿಲ್ಲ. ಯುದ್ಧ ಮುಗಿದ ಸಂಜೆ ಕೃಷ್ಣ ಮೊದಲು ಅರ್ಜುನನನ್ನು ಇಳಿಸಿ, ಆಮೇಲೆ ತಾನಿಳಿದ. ಇಳಿದದ್ದೇ ತಡ, ರಥ ಉರಿದು ಬೂದಿಯಾಯಿತು. ಒಳಗೆ ಏನು ಕೆಟ್ಟಿದೆ ಎಂದು ಬಲ್ಲ ಡ್ರೈವರ್ ಸಿಕ್ಕವನು ಪುಣ್ಯವಂತ. ಕರ್ಣನಿಗೆ ಸಿಕ್ಕಿದ್ದು ಶಲ್ಯ. ದಾರಿಯುದ್ದಕ್ಕೂ ಎದುರಾಳಿಯ ಗಾಡಿಯನ್ನೇ ಹೊಗಳುತ್ತಿದ್ದ ಈತನನ್ನು ವಾಹನ ವಿಮರ್ಶಕರ ಮೂಲಪುರುಷನೆಂದು ಗುರುತಿಸಬಹುದಾಗಿದೆ. ಕರ್ಣನ ರಥದ ಚಕ್ರ ಹೂತದ್ದು ಗ್ರೌಂಡ್ ಕ್ಲಿಯರೆನ್ಸಿನ ಪ್ರಶ್ನೆಯೋ ರಸ್ತೆ ಗುತ್ತಿಗೆದಾರನ ಪ್ರಶ್ನೆಯೋ ಎಂಬುದು ಪ್ರತ್ಯೇಕ ಅಧ್ಯಯನಕ್ಕೆ ವಸ್ತು.

ಅಧ್ಯಾಯ 2: ವ್ಯಾಖ್ಯೆ

‘ಮಧ್ಯಮಗಾತ್ರ’ ಎಂದರೇನು? ಭಾರತದಲ್ಲಿ ಇದಕ್ಕೆ ತತ್ತ್ವಶಾಸ್ತ್ರದ ಉತ್ತರವಿಲ್ಲ, ತೆರಿಗೆ ಇಲಾಖೆಯ ಉತ್ತರವಿದೆ. ನಾಲ್ಕು ಮೀಟರ್. ಎಂಜಿನ್ನೂ ಚಿಕ್ಕದಾಗಿದ್ದು ಅದರೊಳಗಿದ್ದರೆ ಚಿಕ್ಕ ಕಾರು, ದಾಟಿದರೆ ಭೋಗವಸ್ತು. 2006ರ ಕೇಂದ್ರ ಬಜೆಟ್ ಚಿಕ್ಕ ಕಾರಿಗೆ ಅಬಕಾರಿ ಸುಂಕ ಇಳಿಸಿ ಈ ಗೆರೆ ಎಳೆದದ್ದೇ ತಡ, ಕಂಪನಿಗಳು ಗರಗಸ ಹಿಡಿದವು. 2008ರಲ್ಲಿ ಇಂಡಿಗೋ ಸಿಎಸ್, 2012ರಲ್ಲಿ ಡಿಜೈರ್, ಎಲ್ಲವೂ ಡಿಕ್ಕಿ ಕತ್ತರಿಸಿಕೊಂಡು ಗೆರೆಯೊಳಗೆ ಬಂದವು. ಹಾಗೆ ಕತ್ತರಿಸಿಕೊಳ್ಳಲು ಒಪ್ಪದೆ ಉಳಿದದ್ದೇ ನಮ್ಮ ಮವೇಕು: 1998ರಿಂದ ಇರುವ ಹೋಂಡಾ ಸಿಟಿ, ಹ್ಯುಂಡೈ ವರ್ನಾ, 2022ರಲ್ಲಿ ಬಂದ ಸ್ಕೋಡಾ ಸ್ಲಾವಿಯಾ ಮತ್ತು ಫೋಕ್ಸ್‌ವ್ಯಾಗನ್ ವರ್ಟಸ್. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿಗೆ ಜಿಎಸ್‌ಟಿ ಶೇ 18, ಇವಕ್ಕೆ ಶೇ 40. ಕರ್ನಾಟಕದಲ್ಲಿ ಹತ್ತು ಲಕ್ಷ ದಾಟಿ ಇಪ್ಪತ್ತರೊಳಗಿನ ಕಾರಿಗೆ ಶೇ 17ರ ರಸ್ತೆ ತೆರಿಗೆ, ಅದರ ಮೇಲೆ ಸೆಸ್. ಆ ತೆರಿಗೆ ಯಾವ ರಸ್ತೆಗೆ ಎಂದು ಕೇಳಬಾರದು. ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಇನ್ನು ‘ವೇಗಾಭಾಸ’. ಟರ್ಬೊ ವರ್ನಾಕ್ಕೆ 160 ಪಿಎಸ್ ಶಕ್ತಿ, ವರ್ಟಸ್ ಜಿಟಿಗೆ 150. ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಹೆದ್ದಾರಿ 16ರಲ್ಲಿ ಸುಮಾರು 350 ಕಿ.ಮೀ. ಬಂದು, ಆ ಗಳಿಕೆಯನ್ನೆಲ್ಲ ಬೆಂಜ್ ಸರ್ಕಲ್ಲಿನ ಒಂದೇ ಸಿಗ್ನಲ್ಲಿನಲ್ಲಿ ಕಳೆದುಕೊಳ್ಳಬಹುದು. ಬೆಂಜ್ ಎಂಬ ಹೆಸರಿನ ವೃತ್ತದಲ್ಲಿ ಬೆಂಜ್ ಕೂಡ ಆಟೊದ ಹಿಂದೆಯೇ ನಿಲ್ಲುತ್ತದೆ. ಶಕ್ತಿ ಇದ್ದೂ ಓಡದಿರುವ ಈ ಸ್ಥಿತಿಯನ್ನು ‘ನಿಶ್ಚಲ ಪ್ರಗತಿಯ ಅನುಭಾವ’ ಎಂದು ಕರೆಯಲು ಸೂಚಿಸುತ್ತೇನೆ. ವಿರೋಧಿಸುವವರು ತಮ್ಮ ಪ್ರಬಂಧ ತಾವು ಬರೆಯಲಿ.

ಅಧ್ಯಾಯ 3: ವರ್ಗೀಕರಣ

ಮವೇಕು ಕೊಳ್ಳುವವರಲ್ಲಿ ಒಂಬತ್ತು ವಿಧ. ಮೊದಲನೆಯವನು ಪಿಕಪ್ ನಿಷ್ಠ: ಕ್ಲಚ್ಚು ಬಿಟ್ಟ ಕ್ಷಣ ಬೆನ್ನು ಸೀಟಿಗೆ ಅಂಟಬೇಕು, ಹಿಂದೆ ಕೂತ ಅಜ್ಜಿಯ ಬೆನ್ನಿನ ಸ್ಥಿತಿ ಏನಾದರೂ ಆಗಲಿ. ಎರಡನೆಯವನು ಮೈಲೇಜ್ ಮೀಮಾಂಸಕ. ಸ್ಪೋರ್ಟಿ ಕಾರಿನ ಶೋರೂಮಿಗೆ ಹೋಗಿ ಲೀಟರಿಗೆ ಎಷ್ಟು ಕೊಡುತ್ತದೆ ಎಂದು ಕೇಳುತ್ತಾನೆ, ನಾಚುವುದಿಲ್ಲ. ಮೂರನೆಯವನು ಸನ್‌ರೂಫ್ ದ್ವೈತಿ: ಮಕ್ಕಳು ತಲೆ ಹೊರಗಿಡಬಾರದು ಎನ್ನುತ್ತಾನೆ, ತಲೆ ಹೊರಗಿಡಲೆಂದೇ ಕೊಳ್ಳುತ್ತಾನೆ. ನಾಲ್ಕನೆಯವನು ರೀಸೇಲ್ ವೇದಾಂತಿ. ಕೊಳ್ಳುವ ಮೊದಲೇ ಮಾರುವ ಬೆಲೆ ಯೋಚಿಸುವ ಇವನು ಮದುವೆ ಹೇಗಾದನೋ ತಿಳಿಯದು. ಐದನೆಯವನು…

ಬೇಡ. ಉಳಿದ ಐವರೂ ಇದೇ ನಾಲ್ವರ ಕಸಿನ್‌ಗಳು. ಒಂಬತ್ತು ಎಂದದ್ದು ನವರಾತ್ರಿಗೆ ಹೊಂದಲಿ ಎಂದು.

ಅಧ್ಯಾಯ 4: ದಿಣ್ಣೆಯ ಸೌಂದರ್ಯಶಾಸ್ತ್ರ

ರೋಡ್ ಹಂಪ್ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡವೇ ಇದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ಕಮಾನು. ಸೌಮ್ಯವಾದ ಬೆನ್ನು. ಸಿಟಿಯಾಗಲಿ ವರ್ನಾ ಆಗಲಿ, ನೆಲದಿಂದ 165 ಮಿಲಿಮೀಟರ್ ಎತ್ತರವಿದೆ. ಹತ್ತು ಸೆಂಟಿಮೀಟರಿನ ದಿಣ್ಣೆ ಅದರ ಹೊಟ್ಟೆ ಮುಟ್ಟಬಾರದು. ಕಾಗದದ ಮೇಲೆ ಮುಟ್ಟುವುದಿಲ್ಲ. ಆದರೆ ನಮ್ಮ ಬೀದಿಯ ದಿಣ್ಣೆಗಳು ಯಾರದೋ ಮನೆಯ ಮೋಲ್ಡಿಂಗ್ ಮುಗಿದ ಮೇಲೆ ಉಳಿದ ಕಾಂಕ್ರೀಟಿನಲ್ಲಿ, ನಡುರಾತ್ರಿ ಹುಟ್ಟಿದವು. ಅವಕ್ಕೆ ತ್ರಿಜ್ಯವಿಲ್ಲ, ಬಣ್ಣವಿಲ್ಲ. ಇನ್ನೊಂದು: ಆ 165 ಖಾಲಿ ಕಾರಿನ ಲೆಕ್ಕ. ಐದು ಜನ ಕೂತು, ಡಿಕ್ಕಿಯಲ್ಲಿ ಬಳ್ಳಾರಿಯ ಜೋಳದ ಮೂಟೆ, ಉಪ್ಪಿನಕಾಯಿ ಭರಣಿ ಇಟ್ಟ ಮೇಲೆ ಎಷ್ಟು ಉಳಿಯುತ್ತದೆಂದು ಬ್ರೋಷರ್ ಹೇಳುವುದಿಲ್ಲ. ಕುಟುಂಬದ ಕಾರಿನ ಎತ್ತರವನ್ನು ಕುಟುಂಬವಿಲ್ಲದೆ ಅಳೆಯುವ ಈ ವಿಧಾನಕ್ಕೆ ನಾನು ಕೊಟ್ಟ ಪಾರಿಭಾಷಿಕ ಪದವಿತ್ತು. ಅಕ್ಕ ಅದನ್ನು ಕೇಳಿ ನಕ್ಕಳು, ಹೊಡೆದುಹಾಕಿದ್ದೇನೆ.

ಅಕ್ಕನ ಕೊಡುಗೆ ಈ ಅಧ್ಯಯನದಲ್ಲಿ ಅಷ್ಟಕ್ಕೇ ನಿಲ್ಲುವುದಿಲ್ಲ. ಶೋರೂಮಿನಲ್ಲಿ ಭಾವ ಟಾರ್ಕ್, ಪ್ಯಾಡಲ್ ಶಿಫ್ಟರ್ ಎಂದು ಚರ್ಚೆಯಲ್ಲಿದ್ದಾಗ ಅವಳು ಹಿಂದಿನ ಬಾಗಿಲು ತೆಗೆದು ಅತ್ತೆಯನ್ನು ನಡುವೆ ಕೂರಿಸಿದಳು. ಕಾಲಡಿಯ ಉಬ್ಬಿನಿಂದಾಗಿ ಅತ್ತೆಯ ಮಂಡಿ ಎದೆಮಟ್ಟಕ್ಕೆ ಬಂತು, ಇಳಿಜಾರು ಚಾವಣಿ ತುರುಬಿಗೆ ತಾಗಿತು. ‘ರೀ, ಟರ್ಬೊ ಆಮೇಲೆ ನೋಡಾಣ. ಅತ್ತೆಮ್ಮಗೆ ಹತ್ತಾಕ ಇಳಿಯಾಕ ಆಗ್ತೈತಾ, ಅದನ್ನ ಹೇಳ್ರಿ ಮೊದ್ಲು’ ಎಂದಳು. ಸೇಲ್ಸಿನ ಹುಡುಗ ‘ಕೂಪೆ ಸ್ಟೈಲಿಂಗ್ ಮೇಡಂ’ ಎಂದ. ಅತ್ತೆ ಕೂಪೆ ಎಂದರೆ ರೈಲಿನ ಕೂಪೆಯೇ ಇರಬೇಕೆಂದು ಮಲಗಲು ಜಾಗ ಹುಡುಕಿದರು.

ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಸ್ಲಾವಿಯಾ, ವರ್ಟಸ್, ವರ್ನಾ ಮೂರೂ 2023ರಲ್ಲಿ ಐದು ನಕ್ಷತ್ರ ಪಡೆದವು. ಆ ಮಾತನ್ನು ಹುಡುಗ ಹೇಳಲಿಲ್ಲ, ಆಂಬಿಯೆಂಟ್ ಲೈಟಿಂಗಿನ ಬಣ್ಣಗಳನ್ನು ಹೇಳಿದ.

ಅಧ್ಯಾಯ 5: ಪುನರ್ಜನ್ಮ ಸಿದ್ಧಾಂತ, ಅಥವಾ ಹಳೆಯ ಕಾರು

ಆನ್ ರೋಡ್ ರೇಟು ಕೇಳಿದ ಮೇಲೆ ನಮ್ಮ ಅಧ್ಯಯನ ಸಹಜವಾಗಿಯೇ ಸೆಕೆಂಡ್ ಹ್ಯಾಂಡ್ ನೆಲೆಗೆ ಸರಿಯಿತು. ವಿಜಯವಾಡ ಇದಕ್ಕೆ ಹೇಳಿ ಮಾಡಿಸಿದ ಊರು. ಏಷ್ಯಾದ ದೊಡ್ಡ ಆಟೊ ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಆಟೊನಗರ ಇಲ್ಲಿದೆ. ಲಾರಿ ಬಾಡಿ ಕಟ್ಟುವುದರಿಂದ ಹಿಡಿದು ಸ್ಕ್ರೂವರೆಗೆ ಅಲ್ಲಿ ಸಿಗದಿರುವುದಿಲ್ಲ. ಹಳೆಯ ಕಾರಿನ ವ್ಯಾಪಾರಿಗಳ ಭಾಷೆಯಲ್ಲಿ ಎಲ್ಲ ಕಾರೂ ‘ಡಾಕ್ಟರ್ ಕಾರು’, ಎಲ್ಲವೂ ‘ಸಿಂಗಲ್ ಓನರ್’, ಎಲ್ಲವೂ ಭಾನುವಾರ ಮಾತ್ರ ಹೊರಗೆ ಬಂದವು. ಆ ಲೆಕ್ಕದಲ್ಲಿ ಆಂಧ್ರದ ಡಾಕ್ಟರುಗಳು ಆಸ್ಪತ್ರೆಗೆ ನಡೆದೇ ಹೋಗುತ್ತಾರೆ.

ಹಳೆಯ ಕಾರಾದರೂ ಬೆಟ್ಟದ ಕೆಳಗೆ ಪೂಜೆ ಹೊಸದೇ. ಬಾನೆಟ್ಟಿಗೆ ಕುಂಕುಮದ ಸ್ವಸ್ತಿಕ, ಟೈರಿನಡಿ ನಿಂಬೆಹಣ್ಣು, ಬೂದುಗುಂಬಳ. ಪೂಜೆಗೆ ನಾನು ವಿರೋಧಿಯಲ್ಲ. ನಿಂಬೆಹಣ್ಣಿಗೆ ಮೀಟರ್ ಓದಲು ಬರುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಒಬ್ಬ ವ್ಯಾಪಾರಿ ನಮಗೆ ಬಿಳಿಯ ಸೆಡಾನೊಂದನ್ನು ತೋರಿಸಿದ. ಹೆಸರು ಬೇಡ. ಪಾಲಿಶಿಗೆ ಮುಖ ಕಾಣುತ್ತಿತ್ತು. ಬಾಗಿಲು ತೆಗೆದರೆ ಮಲ್ಲಿಗೆ ಸೆಂಟಿನ ಘಾಟು. ಅಕ್ಕ ಹಿಂದಿನ ಸೀಟಿನ ಬೆಲ್ಟ್ ಹಿಡಿದು ಎಳೆದಳು. ಒಂದು ಮೊಳ ಚೊಕ್ಕಟವಾಗಿ ಬಂತು, ಎರಡು ಮೊಳ ಬಂತು. ಪೂರ್ತಿ ಕೊನೆಯವರೆಗೆ ಎಳೆದಾಗ ಪಟ್ಟಿಯ ಮೇಲೆ ಅಡ್ಡಲಾಗಿ ಒಂದು ಕಂದು ಗೆರೆ. ಗೆರೆಯ ಆಚೆ ಪಟ್ಟಿ ಒರಟಾಗಿತ್ತು, ಉಗುರಿನಲ್ಲಿ ಕೆರೆದರೆ ಮಣ್ಣು ಉದುರಿತು. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ತೆಗೆಸಿದೆವು. ಗುಂಡಿಯ ಅಂಚಿನಲ್ಲಿ ಒಣಗಿದ ಹೂಳು. ವ್ಯಾಪಾರಿ ‘ಸರ್ವೀಸ್‌ನಲ್ಲಿ ನೀರು ಬಿಟ್ಟಿರ್ತಾರೆ ಸಾರ್’ ಎಂದ.

ಇಲ್ಲಿಗೆ ಅಧ್ಯಾಯಗಳು ಸಾಕು.

2024ರ ಸೆಪ್ಟೆಂಬರ್ ಮೊದಲ ದಿನ ಬುಡಮೇರು ಹಳ್ಳ ಉಕ್ಕಿ ವಿಜಯವಾಡದೊಳಗೆ ನುಗ್ಗಿತು. ಅಜಿತ್ ಸಿಂಗ್ ನಗರದ ಬೀದಿಗಳಲ್ಲಿ ದಿನಗಟ್ಟಲೆ ನೀರು ನಿಂತಿತ್ತು. ಅತ್ತ ಕೃಷ್ಣೆಯಲ್ಲಿ ಪ್ರಕಾಶಂ ಬ್ಯಾರೇಜಿನ ಬಳಿ ಹರಿವು 11 ಲಕ್ಷ ಕ್ಯೂಸೆಕ್ ಮೀರಿತು. ಜನ ಹಾಲು, ಕುಡಿಯುವ ನೀರಿಗಾಗಿ ಮಹಡಿಯ ಮೇಲಿಂದ ಕೈ ಚಾಚಿದರು. ಕೆಳಗೆ ಆಟೊ, ಬೈಕು, ಕಂತು ತೀರದ ಕಾರು ಎಲ್ಲ ಮುಳುಗಿದ್ದವು. ಆಟೊ ಓಡಿಸಿ ದಿನ ದೂಡುವವನಿಗೆ ಅದು ವಾಹನವಲ್ಲ, ಅಂದಿನ ಅನ್ನ. ಅದಕ್ಕೂ ಎರಡು ವರ್ಷ ಮುಂಚೆ, ಅದೇ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಕೋಟಿ ಬೆಲೆಯ ಕಾರುಗಳೂ ಹೀಗೆಯೇ ಮುಳುಗಿದ್ದವು. ಕೆರೆಯ ಜಾಗಕ್ಕೆ ಕೆರೆ ವಾಪಸು ಬಂತು ಎಂದು ನಾವೆಲ್ಲ ನಕ್ಕೆವು.

ಆ ಕಾರುಗಳೆಲ್ಲ ಎಲ್ಲಿ ಹೋದವು? ರಿಪೇರಿ ಖರ್ಚು ವಿಮೆಯ ಘೋಷಿತ ಮೌಲ್ಯದ ಶೇ 75 ದಾಟಿದರೆ ವಿಮಾ ಕಂಪನಿ ‘ಟೋಟಲ್ ಲಾಸ್’ ಎನ್ನುತ್ತದೆ. ಕಾರು ಗುಜರಿ ಹರಾಜಿಗೆ ಹೋಗುತ್ತದೆ. ಶಾಶ್ವತವಾಗಿ ಬಳಕೆಗೆ ಬಾರದಂತಾದ ವಾಹನದ ವಿಚಾರವನ್ನು ಮಾಲೀಕ ಹದಿನಾಲ್ಕು ದಿನದೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ನೋಂದಣಿ ರದ್ದಾಗಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್. ಆದರೆ ಹರಾಜಿನಲ್ಲಿ ಕೊಂಡವನಿಗೆ ಆರ್‌ಸಿಯೂ ಸಿಕ್ಕಿಬಿಟ್ಟರೆ ಸತ್ತ ಕಾರಿಗೆ ಜೀವ ಬರುತ್ತದೆ. ತೊಳೆ, ಒಣಗಿಸು, ಸೆಂಟು ಹೊಡೆ, ಮುಳುಗಿದ ಸುದ್ದಿ ಗೊತ್ತಿಲ್ಲದ ಇನ್ನೊಂದು ರಾಜ್ಯಕ್ಕೆ ಕಳಿಸು.

ಇದನ್ನು ನಾನು ತಮಾಷೆಯಾಗಿ ಬರೆಯಲಾರೆ. ಏರ್‌ಬ್ಯಾಗನ್ನು ಆಳುವ ಪೆಟ್ಟಿಗೆ ಸಾಮಾನ್ಯವಾಗಿ ಕೂರುವುದು ಎರಡು ಮುಂದಿನ ಸೀಟುಗಳ ನಡುವೆ, ನೆಲಕ್ಕೆ ಹತ್ತಿರ. ಸೀಟಿನ ಮಟ್ಟಕ್ಕೆ ನೀರು ಬಂದ ಕಾರಿನಲ್ಲಿ ಅದು ಮುಳುಗಿಯೇ ಇರುತ್ತದೆ. ಕನೆಕ್ಟರಿಗೆ ಹಸಿರು ಕಿಲುಬು ಹಿಡಿಯುತ್ತದೆ. ಬೇಕಾದಾಗ ಬ್ಯಾಗು ಬಿಚ್ಚದೆ ಹೋಗಬಹುದು. ಐದು ನಕ್ಷತ್ರ ಪಡೆದ ಕಾರು, ಒಳಗೆ ಒಂದು ನಕ್ಷತ್ರವೂ ಉಳಿದಿಲ್ಲ. ಕೊಂಡವನ ಹೆಂಡತಿ, ಮಕ್ಕಳು, ಮಂಡಿ ನೋವಿನ ತಾಯಿ ಅದರಲ್ಲಿ ಕೂತು ದೇವರ ದರ್ಶನಕ್ಕೆ ಹೊರಡುತ್ತಾರೆ. ಮಾರಿದವನಿಗೆ ಇದು ಗೊತ್ತು. ಎಚ್ಚರಿಕೆಯ ದೀಪ ಕಾಣದ ಹಾಗೆ ತಂತಿ ಕಿತ್ತಿಟ್ಟವನಿಗೂ ಗೊತ್ತು. ಮೀಟರ್ ತಿರುಗಿಸುವುದನ್ನು ಕಳ್ಳತನ ಎನ್ನಬಹುದು. ಇದಕ್ಕೆ ಕಳ್ಳತನ ಎಂಬ ಮಾತು ಸಾಲದು.

ನಮ್ಮ ಸಂಶೋಧಕರು, ವಿಮರ್ಶಕರು, ಮೊಬೈಲ್ ಹಿಡಿದು ಕಾರಿನ ಸುತ್ತ ಕುಣಿಯುವ ಪರಿಣತರು ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿನ ಮೃದುತ್ವದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲರು. ಸ್ಟೇರಿಂಗ್ ‘ಸಂವಾದಿಸುತ್ತದೆ’ ಎನ್ನುತ್ತಾರೆ. ಸಂವಾದಿಸಲಿ, ‘ನಾನು ಬುಡಮೇರುವಿನಲ್ಲಿ ಎರಡು ದಿನ ಇದ್ದೆ’ ಎಂದು ಅದು ಹೇಳುವಂತಿದ್ದರೆ ಆ ಪದವನ್ನು ನಾನೂ ಒಪ್ಪುತ್ತಿದ್ದೆ.

ಭಾವ ಆ ಬಿಳಿ ಕಾರನ್ನು ಬಿಟ್ಟರು. ಕೊನೆಗೆ ಕೊಂಡದ್ದು ಅವರ ಆಫೀಸಿನವರೊಬ್ಬರ ಐದು ವರ್ಷದ ಸೆಡಾನ್. ಟರ್ಬೊ ಇಲ್ಲ, ಸ್ಪೋರ್ಟಿ ಎಂದು ಯಾರೂ ಅನ್ನರು. ಸರ್ವೀಸ್ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿದ್ದವು, ಸಾಲ ತೀರಿಸಿದ ಬ್ಯಾಂಕಿನ ಪತ್ರ ಇತ್ತು, ಫಾರಂ 29, 30ಕ್ಕೆ ಮಾಲೀಕರೇ ಬಂದು ಸಹಿ ಹಾಕಿದರು. ಅತ್ತೆ ಈಗ ಕಿಟಕಿ ಬದಿ ಕೂರುತ್ತಾರೆ, ನಡುವೆ ಮೊಮ್ಮಗ.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಹಳೆಯ ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಹಿಂದಿನ ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ. ಸ್ಟೆಪ್ನಿ ತೆಗೆಸಿ, ಗುಂಡಿಯ ಮೂಲೆಗೆ ಬೆರಳು ಹಾಕಿ. ಸೀಟಿನಡಿ ಬಗ್ಗಿ ಹಳಿಯ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಕೀಲಿ ಆನ್ ಮಾಡಿದಾಗ ಏರ್‌ಬ್ಯಾಗಿನ ಕೆಂಪು ದೀಪ ಒಮ್ಮೆ ಹತ್ತಿ, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತದೇ ಇದ್ದರೂ ಬಿಡಿ, ಆರದೇ ಇದ್ದರೂ ಬಿಡಿ. ಇದನ್ನೆಲ್ಲ ನೋಡಲು ಬಿಡದವನ ಹತ್ತಿರ ಕಾರು ಕೊಳ್ಳಬೇಡಿ.